ಸಣ್ಣ ಎಂಜಿನ್‌ಗಳಿಗೆ ಪ್ರತಿ ವರ್ಷ ಕಾರ್ಬನ್ ತೆಗೆಸುವುದು ಅಗತ್ಯವೇ?

ದ್ರಾಕ್ಷಿ ತೋಟ, ಚಿಕ್ಕಬಳ್ಳಾಪುರ:
ಎಲ್ಲರಿಗೂ ನಮಸ್ಕಾರ. ನಮ್ಮ ತೋಟದಲ್ಲಿ ಔಷಧಿ ಹೊಡೆಯುವ ಹೆಚ್ಚು ಒತ್ತಡದ ಎಚ್‌ಟಿಪಿ ಪಂಪಿಗೆ 163 ಸಿಸಿಯ ನಾಲ್ಕು ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಜೋಡಿಸಿದೆ. ಬದುವಿನ ಹುಲ್ಲು ಕೊಯ್ಯಲು ಎರಡು ಸ್ಟ್ರೋಕ್‌ನ ಬ್ರಷ್ ಕಟರ್ ಬೇರೆ ಇದೆ. ನಾವು ಯಂತ್ರ ಕೊಡುವ ರಿಪೇರಿ ಅಂಗಡಿಯವರು ಮುಂಗಾರಿಗೆ ಮುನ್ನ ಪ್ರತಿ ವರ್ಷವೂ ಎರಡರ ಹೆಡ್ಡನ್ನೂ (ಸಿಲಿಂಡರಿನ ಮೇಲ್ಭಾಗದ ಮುಚ್ಚಳ) ಬಿಚ್ಚಿ ಕಾರ್ಬನ್ ಕ್ಲೀನಿಂಗ್ ಮಾಡಿಸಲೇಬೇಕು, ಇಲ್ಲದಿದ್ದರೆ ಪಿಸ್ಟನ್ ಹಾಳಾಗುತ್ತದೆ ಎನ್ನುತ್ತಾರೆ. ಗ್ಯಾಸ್ಕೆಟ್ಟು, ಕೂಲಿ ಎಲ್ಲ ಸೇರಿ ಅವರು ಕೇಳುವ ಹಣ ಸಣ್ಣದೇನಲ್ಲ. ಎರಡೂ ಯಂತ್ರಗಳು ಒಂದೆರಡು ಸಲ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತವೆ. ಪಂಪಿನ ಎಂಜಿನ್ ಮಾತ್ರ ಪೂರ್ತಿ ಒತ್ತಡ ಕೊಟ್ಟಾಗ ಸ್ವಲ್ಪ ಕಪ್ಪು ಹೊಗೆ ಬಿಡುತ್ತದೆ. ವರ್ಷಕ್ಕೆ ಹೆಚ್ಚೆಂದರೆ ನೂರು ಗಂಟೆ ಓಡಬಹುದು. ಈ ಕೆಲಸ ನಿಜವಾಗಿಯೂ ವರ್ಷ ವರ್ಷ ಬೇಕೇ? ತಿಳಿದವರು ಹೇಳಬೇಕು.

ಮಧುಗಿರಿ ಹುಡುಗ:
ಓಡುತ್ತಿರುವ ಎಂಜಿನ್ನನ್ನು ಮುಟ್ಟಬೇಡಿ ಅಣ್ಣ. ನಮ್ಮ ತಂದೆಯವರ ಪಂಪಿನ ಹೆಡ್ಡನ್ನು ಇಂದಿನವರೆಗೂ ಯಾರೂ ಬಿಚ್ಚಿಲ್ಲ.

ಸ್ಪ್ಯಾನರ್, ತಿಪಟೂರು:
ಹುಡುಗರ ಮಾತು ಕೇಳಿ ಸುಮ್ಮನಾಗಬೇಡಿ ಯಜಮಾನರೇ. ನಾನು ಇದೇ ಕೆಲಸ ಮಾಡುವವನು. ಪಿಸ್ಟನ್ನಿನ ತಲೆಯ ಮೇಲೆ ಕಿಟ್ಟ, ಅಂದರೆ ಗಟ್ಟಿ ಕಾರ್ಬನ್, ಕಟ್ಟಿದರೆ ಅದು ಕೆಂಡದಂತೆ ಕಾದು, ಪ್ಲಗ್ ಕಿಡಿ ಕೊಡುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಆಗ ಎಂಜಿನ್ ಒಳಗೆ ಟಕಟಕ ಬಡಿಯುತ್ತದೆ, ಸ್ವಿಚ್ ಆಫ್ ಮಾಡಿದರೂ ಒಂದೆರಡು ಸುತ್ತು ತಾನೇ ಓಡುತ್ತದೆ, ಸ್ಟಾರ್ಟ್ ಮಾಡುವಾಗ ಹಗ್ಗ ಹಿಂದಕ್ಕೆ ಜಗ್ಗಿ ಕೈ ನೋಯಿಸುತ್ತದೆ. ಕಿಟ್ಟದ ಚೂರು ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಸೀಟಿನಲ್ಲಿ ಸಿಕ್ಕಿಕೊಂಡರೆ ಕಂಪ್ರೆಷನ್ (ಒಳಗಿನ ಒತ್ತಡ) ಹೋಗಿ, ವಾಲ್ವಿನ ಅಂಚೇ ಸುಟ್ಟುಹೋಗುತ್ತದೆ. ನಾನು ವರ್ಷಕ್ಕೊಮ್ಮೆ ಬಿಚ್ಚುವುದೇ ಒಳ್ಳೆಯದು ಎನ್ನುವವರ ಕಡೆಯವನು. ಆದರೆ ನಿಮ್ಮ ಅಂಗಡಿಯವರು ಬ್ರಷ್ ಕಟರ್‌ನ ಹೆಡ್ ಬಿಚ್ಚುತ್ತೇನೆ ಎಂದರೆ ನನಗೆ ನಗು ಬರುತ್ತದೆ. ಆ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಿಲಿಂಡರ್ ಮತ್ತು ಹೆಡ್ ಒಂದೇ ಎರಕವಾಗಿರುತ್ತವೆ, ಬೇರೆ ಹೆಡ್ ಎಂಬುದೇ ಇರುವುದಿಲ್ಲ.

ಐಟಿಐ ಮೇಷ್ಟ್ರು, ಕೋಲಾರ:
ತಿಪಟೂರಿನವರು ಹೇಳಿದ ಲಕ್ಷಣಗಳೆಲ್ಲ ಸರಿಯಾಗಿವೆ. ಆದರೆ ಅವು ಕಾಣಿಸಿಕೊಂಡಾಗ ಬಿಚ್ಚಬೇಕು ಎನ್ನುವುದಕ್ಕೂ, ಕಾಣಿಸದಿದ್ದರೂ ವರ್ಷ ವರ್ಷ ಬಿಚ್ಚಬೇಕು ಎನ್ನುವುದಕ್ಕೂ ಬಹಳ ಅಂತರವಿದೆ. ಇದನ್ನು ತೀರ್ಮಾನಿಸಲು ಮೊದಲು ಯಂತ್ರದ ಜೊತೆ ಕೊಟ್ಟ ಪುಸ್ತಕವನ್ನು ತೆರೆದು ನೋಡಬೇಕು. 163 ಸಿಸಿ ಎಂದರೆ ಹೋಂಡಾ ಜಿಎಕ್ಸ್160ರ ಅಳತೆ. ಆ ಎಂಜಿನ್ನಿನ ಪುಸ್ತಕದಲ್ಲಿ ದಹನ ಕೋಣೆಯನ್ನು ಪ್ರತಿ 500 ಗಂಟೆಗೊಮ್ಮೆ ಸ್ವಚ್ಛ ಮಾಡಿಸಬೇಕೆಂದು ಬರೆದಿದೆ. ಅದಕ್ಕಿಂತ ದೊಡ್ಡದಾದ ಜಿಎಕ್ಸ್390 ಮುಂತಾದವುಗಳಿಗೆ ಅದೇ ಕೆಲಸ 1000 ಗಂಟೆಗೊಮ್ಮೆ. ವರ್ಷಕ್ಕೆ ನೂರು ಗಂಟೆ ಓಡುವ ಪಂಪಿಗೆ 500 ಗಂಟೆ ತುಂಬಲು 5 ವರ್ಷ ಬೇಕು. ಅಂದರೆ ಅಂಗಡಿಯವರು ಹೇಳುವ ಅವಧಿ ತಯಾರಕರು ಹೇಳಿದ್ದರ ಐದನೆಯ ಒಂದು ಭಾಗ ಮಾತ್ರ.

ಕಿಟ್ಟದಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ 9ಕ್ಕೆ 1, ಅಂದರೆ ಪಿಸ್ಟನ್ ಮೇಲೇರಿದಾಗ ಒಳಗಿನ ಜಾಗ ಒಂಬತ್ತನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಹಾಗಾದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 20.4 ಸಿಸಿ. ಆ ಜಾಗದಲ್ಲಿ 1 ಸಿಸಿಯಷ್ಟು ಕಿಟ್ಟ ಸೇರಿಕೊಂಡರೆ ಅನುಪಾತ 9.4ರ ಹತ್ತಿರ ಹೋಗುತ್ತದೆ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 68 ಮಿಲಿಮೀಟರ್ ಇರುವುದರಿಂದ, 1 ಸಿಸಿ ಕಿಟ್ಟವೆಂದರೆ ಪಿಸ್ಟನ್ ತಲೆಯ ಮೇಲೆಲ್ಲ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪದ ಪದರ. ಸುಸ್ಥಿತಿಯಲ್ಲಿರುವ ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ತೆಳುವಾದ ಪದರವೊಂದು ಕಟ್ಟಿ, ಅಷ್ಟಕ್ಕೇ ಬಹುಮಟ್ಟಿಗೆ ನಿಂತುಬಿಡುತ್ತದೆ. ಒಂದು ಕಡೆ ಕಟ್ಟುತ್ತಾ ಇನ್ನೊಂದು ಕಡೆ ಉರಿದು, ಉದುರಿ ಹೋಗುತ್ತಿರುತ್ತದೆ. ವರ್ಷ ವರ್ಷ ದಪ್ಪವಾಗುತ್ತಲೇ ಇದೆ ಎಂದರೆ ಬೇರೆಲ್ಲೋ ದೋಷವಿದೆ ಎಂದೇ ತಿಳಿಯಬೇಕು.

ಗುಬ್ಬಿ ತೆಂಗು:
ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ, ಆದರೆ ನಮ್ಮ ಯಂತ್ರಗಳಲ್ಲಿ ಗಂಟೆ ತೋರಿಸುವ ಮೀಟರ್ ಎಲ್ಲಿದೆ?

ಸ್ಪ್ಯಾನರ್, ತಿಪಟೂರು:
ಗುಬ್ಬಿಯವರು ಸರಿಯಾದ ಜಾಗದಲ್ಲಿ ಕೈ ಇಟ್ಟರು. ನಾನು ವರ್ಷಕ್ಕೊಮ್ಮೆ ಎನ್ನುವುದಕ್ಕೆ ಕಾರಣವೇ ಅದು. ಯಾವ ರೈತರೂ ಗಂಟೆಗಳ ಲೆಕ್ಕ ಬರೆದಿಡುವುದಿಲ್ಲ. ಎಂಜಿನ್ ಆಯಿಲನ್ನು ಮೊದಲ 20 ಗಂಟೆಗೆ, ಆಮೇಲೆ ಪ್ರತಿ 100 ಗಂಟೆಗೆ ಅಥವಾ 6 ತಿಂಗಳಿಗೆ ಬದಲಿಸಬೇಕೆಂದು ಪುಸ್ತಕದಲ್ಲಿದ್ದರೂ, ಕೊಂಡಾಗ ಹಾಕಿದ ಆಯಿಲಿನಲ್ಲೇ ಯಂತ್ರ ಓಡಿಸಿ, ಅದು ತಾರಿನಂತಾದ ಮೇಲೆ ನನ್ನಲ್ಲಿಗೆ ತರುವವರು ಇದ್ದಾರೆ. ವರ್ಷಕ್ಕೊಮ್ಮೆ ತನ್ನಿ ಎಂದರೆ ಯಂತ್ರವಾದರೂ ಅಂಗಡಿಯ ಮೆಟ್ಟಿಲು ಹತ್ತುತ್ತದೆ. ಐದು ವರ್ಷ ಎಂದರೆ ಅದು ಹತ್ತು ವರ್ಷವಾಗುತ್ತದೆ.

ಐಟಿಐ ಮೇಷ್ಟ್ರು, ಕೋಲಾರ:
ಆ ಕಷ್ಟ ನನಗೂ ಗೊತ್ತು. ಹಾಗಾದರೆ ತಪಾಸಣೆಗೆಂದು ಕರೆಯಿರಿ, ತಪಾಸಣೆಗೆಂದೇ ಹಣ ತೆಗೆದುಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ. ಹೆಡ್ ಬಿಚ್ಚುವುದರಿಂದ ಏನೂ ನಷ್ಟವಿಲ್ಲ ಎನ್ನುವಂತಿಲ್ಲ. ಬೋಲ್ಟುಗಳು ಕೂರುವುದು ಅಲ್ಯೂಮಿನಿಯಂನಲ್ಲಿ. ಅಂದಾಜಿನ ಮೇಲೆ ಬಿಗಿದು ಬಿಗಿದು ಥ್ರೆಡ್ ಎದ್ದುಹೋದ ಬ್ಲಾಕುಗಳನ್ನು ನಮ್ಮ ಕಾರ್ಯಾಗಾರದಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲೆಂದೇ ಇಟ್ಟುಕೊಂಡಿದ್ದೇವೆ. ಜಿಎಕ್ಸ್160ರ ಹೆಡ್ ಬೋಲ್ಟುಗಳನ್ನು 24 ನ್ಯೂಟನ್ ಮೀಟರ್‌ಗೆ, ಎದುರುಬದುರಾಗಿ, ಹಂತ ಹಂತವಾಗಿ ಬಿಗಿಯಬೇಕು. ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದರೆ ಇಲ್ಲದ ಸೋರಿಕೆಯನ್ನು ನಾವೇ ತಂದುಕೊಂಡಂತೆ.

ಶಾಮಿಯಾನ ಮತ್ತು ಜನರೇಟರ್, ತುಮಕೂರು:
ನನ್ನ ಬಳಿ ಬಾಡಿಗೆಗೆ ಕೊಡುವ ಸಣ್ಣ ಪೆಟ್ರೋಲ್ ಜನರೇಟರ್‌ಗಳಿವೆ. ನಾನು ಗಮನಿಸಿದ ಒಂದು ವಿಷಯವನ್ನು ಹೇಳುತ್ತೇನೆ. ಮೊದಲು ಮದುವೆ ಮನೆಗಳಲ್ಲಿ ಹ್ಯಾಲೊಜನ್ ದೀಪಗಳಿದ್ದಾಗ ಜನರೇಟರ್ ಪೂರ್ತಿ ಹೊರೆಯಲ್ಲಿ ಓಡುತ್ತಿತ್ತು, ಪ್ಲಗ್ ಇಟ್ಟಿಗೆಯ ಬಣ್ಣಕ್ಕಿರುತ್ತಿತ್ತು. ಈಗ ಅಷ್ಟೇ ಬೆಳಕಿಗೆ ನಾಲ್ಕು ಎಲ್‌ಇಡಿ ಸಾಕು. ಅದೇ ಜನರೇಟರ್ ರಾತ್ರಿಯೆಲ್ಲ ಬರಿದೇ ಓಡಿದಂತೆ ಓಡುತ್ತದೆ, ಬೆಳಗ್ಗೆ ನೋಡಿದರೆ ಪ್ಲಗ್ ಮಸಿ ಹಿಡಿದು ಕಪ್ಪಾಗಿರುತ್ತದೆ. ಹಾಗಾಗಿ ನನ್ನ ಯಂತ್ರಗಳಿಗೆ ಕಾರ್ಬನ್ ತೆಗೆಸುವುದು ಅನಿವಾರ್ಯ ಎಂದುಕೊಂಡಿದ್ದೇನೆ.

ಐಟಿಐ ಮೇಷ್ಟ್ರು, ಕೋಲಾರ:
ಇದು ನಿಜ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಮೇಲಿನ ಮಸಿ ತಾನೇ ಉರಿದುಹೋಗುತ್ತದೆ. ಹೊರೆಯೇ ಇಲ್ಲದೆ ಓಡುವ ಎಂಜಿನ್ನಿನಲ್ಲಿ ಆ ಶಾಖ ಬರುವುದಿಲ್ಲ. ಆದರೆ ಇದಕ್ಕೆ ಹೆಡ್ ಬಿಚ್ಚಬೇಕಾಗಿಲ್ಲ. ಕೊನೆಯಲ್ಲಿ ಕಾಲು ಗಂಟೆ ಹೀಟರನ್ನೋ ಇಸ್ತ್ರಿ ಪೆಟ್ಟಿಗೆಯನ್ನೋ ಸಿಕ್ಕಿಸಿ ಹೊರೆ ಕೊಟ್ಟು ಓಡಿಸಿ, ಮೃದುವಾದ ಮಸಿ ಬಹುಪಾಲು ಹೋಗುತ್ತದೆ. ಕಲ್ಲಿನಂತೆ ಗಟ್ಟಿಯಾದ ಕಿಟ್ಟಕ್ಕೆ ಮಾತ್ರ ಈ ಉಪಾಯ ಸಾಲದು. ಚಿಕ್ಕ ಕೆಲಸಗಳಿಗೆ ಚಿಕ್ಕ ಜನರೇಟರನ್ನೇ ಕಳಿಸುವುದು ಇನ್ನೂ ಒಳ್ಳೆಯದು.

ಶ್ರೀನಿವಾಸಪುರ ಮಾವು:
ನಾಲ್ಕು ಸ್ಟ್ರೋಕಿನ ಮಾತೇ ಆಗುತ್ತಿದೆ, ಎರಡು ಸ್ಟ್ರೋಕನ್ನು ಎಲ್ಲರೂ ಮರೆತಂತಿದೆ. ಮಾವಿನ ಕೊಂಬೆ ಸವರಲು ಚೈನ್ ಸಾ, ಹೂ ಬಿಡುವ ಕಾಲದಲ್ಲಿ ಬೆನ್ನಿಗೆ ಕಟ್ಟುವ ಪವರ್ ಸ್ಪ್ರೇಯರ್, ಎರಡೂ ಎರಡು ಸ್ಟ್ರೋಕಿನವು. ಇವುಗಳಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯುವುದರಿಂದ ಕಿಟ್ಟ ಕಟ್ಟಿಯೇ ಕಟ್ಟುತ್ತದೆ. ಕಳೆದ ವರ್ಷ ನಮ್ಮ ಬ್ರಷ್ ಕಟರ್ ಸ್ಟಾರ್ಟ್ ಆಗುತ್ತಿತ್ತು, ನಿಧಾನಗತಿಯಲ್ಲಿ ಚೆನ್ನಾಗಿ ಗುರುಗುಟ್ಟುತ್ತಿತ್ತು, ಆಕ್ಸಿಲರೇಟರ್ ಒತ್ತಿದರೆ ಮಾತ್ರ ಏಳುತ್ತಲೇ ಇರಲಿಲ್ಲ. ಒಂದು ಅಂಗಡಿಯಲ್ಲಿ ಕಾರ್ಬೊರೇಟರ್ ಬದಲಿಸಬೇಕೆಂದರು, ಇನ್ನೊಂದರಲ್ಲಿ ಪಿಸ್ಟನ್ ಕಿಟ್ ಎಂದರು. ಕೊನೆಗೆ ಪಕ್ಕದ ತೋಟದ ಹಿರಿಯರೊಬ್ಬರು ಸೈಲೆನ್ಸರಿನ ಮುಚ್ಚಳ ಬಿಚ್ಚಿ, ಒಳಗಿದ್ದ ಉಗುರಗಲದ ತಂತಿ ಜಾಲರಿಯನ್ನು ಹೊರತೆಗೆದರು. ಜಾಲರಿಯ ಕಣ್ಣುಗಳೆಲ್ಲ ಮುಚ್ಚಿ ಅದು ಕಪ್ಪು ಬಿಲ್ಲೆಯಂತಾಗಿತ್ತು. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ, ತಂತಿ ಬ್ರಷ್ಷಿನಿಂದ ಉಜ್ಜಿದರು. ಯಂತ್ರ ಹೊಸದರಂತೆ ಕೂಗಿತು. ಖರ್ಚು ಏನೂ ಇಲ್ಲ.

ಸ್ಪ್ಯಾನರ್, ತಿಪಟೂರು:
ಮಾವಿನವರೇ, ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಎರಡು ಸ್ಟ್ರೋಕಿನಲ್ಲಿ ಕಿಟ್ಟ ಮೊದಲು ಮುಚ್ಚುವುದು ಆ ಜಾಲರಿಯನ್ನು, ಆಮೇಲೆ ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಂಡಿಯಾದ ಎಕ್ಸಾಸ್ಟ್ ಪೋರ್ಟನ್ನು. ಪೋರ್ಟ್ ಸ್ವಚ್ಛ ಮಾಡುವವರು ಸೈಲೆನ್ಸರ್ ಬಿಚ್ಚಿದ ಮೇಲೆ ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ತರಬೇಕು. ಆಗ ಪಿಸ್ಟನ್ನಿನ ಮೈ ಪೋರ್ಟನ್ನು ಮುಚ್ಚಿಕೊಳ್ಳುವುದರಿಂದ ಕೆರೆದ ಚೂರುಗಳು ಸಿಲಿಂಡರಿನೊಳಗೆ ಬೀಳುವುದಿಲ್ಲ. ಕೆರೆಯಲು ಬಿದಿರಿನ ಚಕ್ಕೆಯನ್ನೋ ಗಟ್ಟಿ ಪ್ಲಾಸ್ಟಿಕ್ಕನ್ನೋ ಬಳಸಬೇಕೇ ಹೊರತು ಸ್ಕ್ರೂಡ್ರೈವರನ್ನಲ್ಲ. ಪಿಸ್ಟನ್ನಿನ ಮೈಗೆ ಗೀರು ಬಿದ್ದರೆ ಕಥೆ ಮುಗಿಯಿತು.

ಹಳೆಯ ಸ್ಕೂಟರ್, ಶಿರಾ:
ನಮ್ಮ ಕಾಲದ ಎರಡು ಸ್ಟ್ರೋಕ್ ಸ್ಕೂಟರ್‌ಗಳಿಗೆ ಡಿಕಾರ್ಬನ್ ಮಾಡಿಸುವುದು ಸರ್ವಿಸ್‌ನಷ್ಟೇ ಮಾಮೂಲಿ ಕೆಲಸವಾಗಿತ್ತು. ಸೈಲೆನ್ಸರ್‌ಗಳನ್ನು ಬೆಂಕಿಗೆ ಹಾಕಿ ಸುಡುತ್ತಿದ್ದರು, ಕೆಲವರು ಕಾಸ್ಟಿಕ್ ಸೋಡಾ ತುಂಬಿ ಇಡುತ್ತಿದ್ದರು. ಈಗಲೂ ಹಾಗೆಯೇ ಮಾಡಬಹುದಲ್ಲವೇ?

ಐಟಿಐ ಮೇಷ್ಟ್ರು, ಕೋಲಾರ:
ದಯವಿಟ್ಟು ಬೇಡ. ಕಾಸ್ಟಿಕ್ ಸೋಡಾ ಕಬ್ಬಿಣದ ಸೈಲೆನ್ಸರನ್ನು ತಿನ್ನದೆ ಬಿಡಬಹುದು, ಆದರೆ ಅಲ್ಯೂಮಿನಿಯಂ ಅದರಲ್ಲಿ ಕರಗಿ, ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಇಂದಿನ ಸಣ್ಣ ಯಂತ್ರಗಳಲ್ಲಿ ಅಲ್ಯೂಮಿನಿಯಂ ಭಾಗಗಳೇ ಹೆಚ್ಚು. ಹಳೆಯ ಸ್ಕೂಟರ್‌ಗಳಲ್ಲಿ ಕಿಟ್ಟ ಅಷ್ಟು ಬೇಗ ಕಟ್ಟುತ್ತಿದ್ದುದಕ್ಕೆ ಆಗಿನ ಆಯಿಲಿನ ಗುಣಮಟ್ಟವೂ ಕಾರಣ, ಬಂಕಿನಲ್ಲಿ ಧಾರಾಳವಾಗಿ ಸುರಿಯುತ್ತಿದ್ದ ಕೈಯೂ ಕಾರಣ. ಈಗಿನ ಅನೇಕ ಬ್ರಷ್ ಕಟರ್‌ಗಳಿಗೆ 50ಕ್ಕೆ 1ರ ಮಿಶ್ರಣ ಸಾಕು, ಅಂದರೆ 1 ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಆಯಿಲ್. ಡಬ್ಬಿಯ ಮೇಲೆ ಜಾಸೊ ಎಫ್‌ಡಿ ಎಂಬ ಜಪಾನಿನ ಆಯಿಲ್ ದರ್ಜೆ ಇದ್ದರೆ ಕಿಟ್ಟವೂ ಹೊಗೆಯೂ ಕಡಿಮೆ. ಕಿಟ್ಟಕ್ಕೆ ಹೆದರಿ ಆಯಿಲನ್ನೇ ಕಡಿಮೆ ಹಾಕಿದರೆ ಮಾತ್ರ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಗುಬ್ಬಿ ತೆಂಗು:
ನಮ್ಮಲ್ಲಿ ಆಳುಗಳು ಬಾಟಲಿಯ ಮುಚ್ಚಳದಲ್ಲಿ ಅಳೆಯುತ್ತಾರೆ. ಯಾವ ಬಾಟಲಿಯ ಮುಚ್ಚಳ ಎಂದು ಕೇಳಿದರೆ ಉತ್ತರವಿಲ್ಲ.

ಮಧುಗಿರಿ ಹುಡುಗ:
ಕಾರುಗಳಿಗೆ ಮಾಡುವ ಹೈಡ್ರೋಜನ್ ಕಾರ್ಬನ್ ಕ್ಲೀನಿಂಗ್ ಯಂತ್ರವನ್ನು ಹೆದ್ದಾರಿಯ ಪಕ್ಕದ ಗ್ಯಾರೇಜೊಂದರಲ್ಲಿ ನೋಡಿದೆ. ಅದನ್ನೇ ಪಂಪಿಗೂ ಮಾಡಿಸಿದರೆ ಹೆಡ್ ಬಿಚ್ಚುವ ಗೋಜೇ ಇರುವುದಿಲ್ಲವಲ್ಲ.

ಐಟಿಐ ಮೇಷ್ಟ್ರು, ಕೋಲಾರ:
ತಮ್ಮಾ, ಕಾರುಗಳ ಕಥೆ ಬೇರೆ. ಸಿಲಿಂಡರಿನೊಳಕ್ಕೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಕಾರುಗಳಲ್ಲಿ ಇನ್‌ಟೇಕ್ ವಾಲ್ವಿನ ಬೆನ್ನಿಗೆ ಪೆಟ್ರೋಲ್ ತಾಗುವುದೇ ಇಲ್ಲ, ಹಾಗಾಗಿ ಅಲ್ಲಿ ಕಿಟ್ಟ ಕಟ್ಟುವುದು ನಿಜವಾದ ಸಮಸ್ಯೆ. ಕಾರ್ಬೊರೇಟರ್ ಇರುವ ಪಂಪಿನಲ್ಲಿ ಗಾಳಿಯ ಜೊತೆ ಬರುವ ಪೆಟ್ರೋಲ್ ಆ ವಾಲ್ವನ್ನು ಸದಾ ತೊಳೆಯುತ್ತಲೇ ಇರುತ್ತದೆ. ಅಲ್ಲಿನ ರೋಗಕ್ಕೆ ಇಲ್ಲಿ ಮದ್ದು ಕುಡಿಸುವ ಅಗತ್ಯವಿಲ್ಲ. ಇನ್ನು ಹೈಡ್ರೋಜನ್ನಿನ ವಿಷಯ: ಮಾಡುವ ಮೊದಲೂ ಮಾಡಿದ ಮೇಲೂ ಪ್ಲಗ್ಗಿನ ತೂತಿನಿಂದ ಕ್ಯಾಮೆರಾ ಇಳಿಸಿ ಪಿಸ್ಟನ್ನಿನ ತಲೆಯನ್ನು ತೋರಿಸಿ ಎಂದು ಕೇಳಿ. ತೋರಿಸಲು ಒಪ್ಪದವರಿಗೆ ಹಣ ಕೊಡಬೇಡ.

ಹಳೆಯ ಸ್ಕೂಟರ್, ಶಿರಾ:
ಓಡುತ್ತಿರುವ ಎಂಜಿನ್ನಿನ ಕಾರ್ಬೊರೇಟರಿಗೆ ಹನಿ ಹನಿ ನೀರು ಬಿಟ್ಟರೆ ಕಿಟ್ಟ ಸಿಡಿದು ಹೋಗುತ್ತದೆ ಎಂದು ಕೇಳಿದ್ದೇನೆ.

ಸ್ಪ್ಯಾನರ್, ತಿಪಟೂರು:
ಸ್ವಾಮಿ, ಒಂದೇ ಸಿಲಿಂಡರಿನ ಸಣ್ಣ ಎಂಜಿನ್ನಿಗೆ ನೀರು ಸ್ವಲ್ಪ ಹೆಚ್ಚಾದರೂ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ. ಈ ಸಲಹೆಯನ್ನು ಯಾರೂ ಪ್ರಯೋಗಿಸಬೇಡಿ.

ಶಾಮಿಯಾನ ಮತ್ತು ಜನರೇಟರ್, ತುಮಕೂರು:
ಕಂಪ್ರೆಷನ್ ಗೇಜ್ ಹಾಕಿ ನೋಡಿದರೆ ಕಿಟ್ಟ ಇದೆಯೋ ಇಲ್ಲವೋ ಗೊತ್ತಾಗುತ್ತದಲ್ಲವೇ? ನನ್ನದೊಂದರಲ್ಲಿ ಬಹಳ ಕಡಿಮೆ ತೋರಿಸಿದ್ದರಿಂದ ಪಿಸ್ಟನ್ ರಿಂಗ್ ಹೋಗಿದೆ ಎಂದರು.

ಐಟಿಐ ಮೇಷ್ಟ್ರು, ಕೋಲಾರ:
ಇಲ್ಲಿ ಎಚ್ಚರ ಬೇಕು. ಇಂತಹ ಬಹಳಷ್ಟು ಎಂಜಿನ್‌ಗಳಲ್ಲಿ ಹಗ್ಗ ಎಳೆಯಲು ಸುಲಭವಾಗಲೆಂದು, ಸ್ಟಾರ್ಟ್ ಮಾಡುವ ವೇಗದಲ್ಲಿ ಎಕ್ಸಾಸ್ಟ್ ವಾಲ್ವನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುವ ಡಿಕಂಪ್ರೆಸರ್ ಇರುತ್ತದೆ. ಅದರಿಂದ ಆರೋಗ್ಯವಾಗಿರುವ ಎಂಜಿನ್ ಕೂಡ ಗೇಜಿನಲ್ಲಿ ಕಡಿಮೆಯನ್ನೇ ತೋರಿಸುತ್ತದೆ. ಪ್ಲಗ್ ವೈರನ್ನು ತೆಗೆದು ಪ್ರತ್ಯೇಕವಾಗಿಟ್ಟು, ಫ್ಲೈವೀಲನ್ನು ಕೈಯಿಂದ ಹಿಮ್ಮುಖವಾಗಿ ತಿರುಗಿಸಿ ನೋಡಿ. ಕಂಪ್ರೆಷನ್ನಿಗೆ ತಾಗಿ ಸ್ಪ್ರಿಂಗಿನಂತೆ ಪುಟಿದರೆ ಚಿಂತೆಯಿಲ್ಲ. ಮೆತ್ತಗೆ ದಾಟಿಹೋದರೆ ವಾಲ್ವ್, ರಿಂಗ್, ಗ್ಯಾಸ್ಕೆಟ್‌ಗಳಲ್ಲಿ ಎಲ್ಲಿಂದ ಸೋರುತ್ತಿದೆ ಎಂದು ಗಾಳಿ ತುಂಬಿಸಿ ಪತ್ತೆ ಮಾಡಬೇಕು. ರಿಂಗ್ ಬದಲಿಸುವ ಮೊದಲು ಟ್ಯಾಪೆಟ್ ಅಂತರ (ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) ನೋಡಿದರೇ ಎಂದು ಕೇಳಿ.

ಶ್ರೀನಿವಾಸಪುರ ಮಾವು:
ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಇರುವುದರಿಂದ ಕಾರ್ಬನ್ ಹೆಚ್ಚಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ?

ಸ್ಪ್ಯಾನರ್, ತಿಪಟೂರು:
ನನ್ನ ಅಂಗಡಿಗೆ ಬರುವ ಯಂತ್ರಗಳಲ್ಲಿ ಈಗ ಕಾರ್ಬೊರೇಟರ್ ಕೆಲಸವೇ ಹೆಚ್ಚು, ಅದಂತೂ ನಿಜ.

ಐಟಿಐ ಮೇಷ್ಟ್ರು, ಕೋಲಾರ:
ಕಾರ್ಬೊರೇಟರಿನಲ್ಲಿ ಕೂರುವ ಹಳದಿ ಅಂಟು ಬೇರೆ, ಪಿಸ್ಟನ್ನಿನ ಮೇಲೆ ಕೂರುವ ಕಿಟ್ಟ ಬೇರೆ. ಅಂಗಡಿಗಳಲ್ಲಿ ಎರಡನ್ನೂ ಕಾರ್ಬನ್ ಎಂದೇ ಬಿಲ್ಲಿನಲ್ಲಿ ಬರೆಯುತ್ತಾರೆ. ಎಥೆನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ, ಹಳೆಯ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ತೂತು) ಇರುವ ಕಾರ್ಬೊರೇಟರಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಅಂದರೆ ಮಸಿ ಕಡಿಮೆಯಾಗಬೇಕೇ ಹೊರತು ಹೆಚ್ಚಲ್ಲ. ಎಂಜಿನ್ ಸ್ವಲ್ಪ ಹೆಚ್ಚು ಬಿಸಿಯಾಗಬಹುದು. ಸಣ್ಣ ಎಂಜಿನ್ ತಯಾರಕರಲ್ಲಿ ಅನೇಕರು ತಮ್ಮ ಪುಸ್ತಕಗಳಲ್ಲಿ ಶೇಕಡ 10ರವರೆಗಿನ ಎಥೆನಾಲಿಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದಾರೆ ಎಂಬುದು ನಿಜವಾದ ತಲೆನೋವು. ಎಥೆನಾಲ್ ನೀರು ಹೀರುತ್ತದೆ, ಹಳೆಯ ರಬ್ಬರ್ ಭಾಗಗಳನ್ನು ಕೆಡಿಸುತ್ತದೆ. ಹಂಗಾಮು ಮುಗಿದ ಮೇಲೆ ಟ್ಯಾಂಕನ್ನೂ ಕಾರ್ಬೊರೇಟರಿನ ಬಟ್ಟಲನ್ನೂ ಬರಿದು ಮಾಡಿ ಇಡುವುದಕ್ಕೆ ಹೆಡ್ ಬಿಚ್ಚುವುದಕ್ಕಿಂತ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ದ್ರಾಕ್ಷಿ ತೋಟ, ಚಿಕ್ಕಬಳ್ಳಾಪುರ:
ಇಷ್ಟೊಂದು ಮಂದಿ ಉತ್ತರಿಸಿದ್ದಕ್ಕೆ ಧನ್ಯವಾದಗಳು. ನಿಮ್ಮ ಮಾತುಗಳನ್ನು ಓದಿ ಇಂದು ಸಂಜೆ ಪಂಪಿನ ಪ್ಲಗ್ ಬಿಚ್ಚಿದೆ. ಒದ್ದೆಯಿಲ್ಲ, ಆಯಿಲಿನ ಜಿಡ್ಡೂ ಇಲ್ಲ. ಬೆರಳಿಗೆ ಕಾಡಿಗೆಯಂತೆ ಹತ್ತುವ ಒಣ ಕಪ್ಪು ಮಸಿ ಇದೆ. ಮೊಬೈಲಿನ ಟಾರ್ಚ್ ಬಿಟ್ಟು ತೂತಿನಲ್ಲಿ ನೋಡಿದರೆ ಪಿಸ್ಟನ್ ಕಪ್ಪಾಗಿದೆ, ಆದರೆ ಪದರ ಎದ್ದಂತೆ ಕಾಣುವುದಿಲ್ಲ. ಸ್ವಿಚ್ ಆಫ್ ಮಾಡಿದ ಕೂಡಲೇ ಎಂಜಿನ್ ನಿಲ್ಲುತ್ತದೆ, ಒಳಗೆ ಬಡಿತದ ಸದ್ದೂ ಇಲ್ಲ.

ಐಟಿಐ ಮೇಷ್ಟ್ರು, ಕೋಲಾರ:
ಒಣ ಮಸಿ ಎಂದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಗಾಳಿ ಸಾಲುತ್ತಿಲ್ಲ. ಒದ್ದೆ ಜಿಡ್ಡಾಗಿದ್ದರೆ ರಿಂಗನ್ನೋ ವಾಲ್ವ್ ಗೈಡನ್ನೋ ಅನುಮಾನಿಸಬೇಕಿತ್ತು. ಚೋಕ್ ಪೂರ್ತಿ ತೆರೆಯುತ್ತದೆಯೇ? ಏರ್ ಫಿಲ್ಟರ್ ಹೇಗಿದೆ?

ದ್ರಾಕ್ಷಿ ತೋಟ, ಚಿಕ್ಕಬಳ್ಳಾಪುರ:
ಚೋಕ್ ಸರಿಯಾಗಿದೆ. ಫಿಲ್ಟರಿನ ಡಬ್ಬಿ ತೆರೆದು ನೋಡಿದರೆ ಸ್ಪಂಜು ತಿಳಿ ನೀಲಿ ಬಣ್ಣದ ಹುಡಿ ಮೆತ್ತಿಕೊಂಡು ಗಾರೆಯಂತೆ ಗಟ್ಟಿಯಾಗಿದೆ. ನಾವು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೈಲುತುತ್ತದ ನೀಲಿ ಮತ್ತು ಸುಣ್ಣ ಎರಡೂ ಅಲ್ಲಿ ಕೂತಿವೆ. ಪಂಪನ್ನು ಡ್ರಮ್ಮಿನ ಪಕ್ಕದಲ್ಲೇ, ಗಾಳಿ ಬೀಸುವ ಕೆಳಬದಿಗೆ ಇಡುವ ರೂಢಿ ನಮ್ಮಲ್ಲಿದೆ.

ಸ್ಪ್ಯಾನರ್, ತಿಪಟೂರು:
ಸಿಕ್ಕಿಬಿತ್ತು. ಉಸಿರು ಕಟ್ಟಿದ ಎಂಜಿನ್ ಕಪ್ಪು ಹೊಗೆ ಬಿಡದೆ ಇನ್ನೇನು ಮಾಡುತ್ತದೆ? ಹೆಡ್ ಬಿಚ್ಚಿ ತೊಳೆದಿದ್ದರೂ ಒಂದು ತಿಂಗಳಲ್ಲಿ ಮತ್ತೆ ಹೀಗೆಯೇ ಆಗುತ್ತಿತ್ತು, ಅದನ್ನು ನಾನೂ ಒಪ್ಪುತ್ತೇನೆ. ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಹೊಸ ಎಂಜಿನ್ ಆಯಿಲಿನಲ್ಲಿ ಅದ್ದಿ, ಹಿಂಡಬಹುದಾದಷ್ಟು ಹಿಂಡಿ ಹಾಕಿ. ಗಾರೆ ಬಿಡದಿದ್ದರೆ ಹೊಸ ಸ್ಪಂಜು ಕೊಳ್ಳಿ. ಒಳಗೆ ಕಾಗದದ ಫಿಲ್ಟರೂ ಇದ್ದರೆ ಅದಕ್ಕೆ ಆಯಿಲ್ ತಾಗಿಸಬೇಡಿ. ಪುಸ್ತಕದಲ್ಲಿ ಫಿಲ್ಟರಿಗೆ 50 ಗಂಟೆ ಎಂದಿದ್ದರೂ, ಬೋರ್ಡೋ ಹೊಡೆಯುವ ದಿನಗಳಲ್ಲಿ ಪ್ರತಿ ಸಲ ಕೆಲಸ ಮುಗಿದ ಮೇಲೆ ತೆರೆದು ನೋಡಬೇಕು. ಪಂಪನ್ನು ಗಾಳಿಯ ಮೇಲ್ಬದಿಗೆ ಇಡಿ. ಹಾಗೆಯೇ ಸಿಲಿಂಡರಿನ ರೆಕ್ಕೆಗಳ ನಡುವೆಯೂ ಅದೇ ಗಾರೆ ಕೂತಿರುತ್ತದೆ. ಅದು ಕೂತರೆ ಎಂಜಿನ್ ಕಾದು, ಕಾರ್ಬನ್ನಿನಿಂದ ಕಾಯುತ್ತಿದೆ ಎಂದು ಎಲ್ಲರೂ ಭ್ರಮಿಸುತ್ತಾರೆ. ಆದರೂ ಟ್ಯಾಪೆಟ್ ನೋಡಿಸಲು ವರ್ಷಕ್ಕೊಮ್ಮೆ ಯಾರಿಗಾದರೂ ತೋರಿಸಿ ಎನ್ನುವ ನನ್ನ ಮಾತನ್ನು ನಾನು ಬಿಡುವುದಿಲ್ಲ.

ಐಟಿಐ ಮೇಷ್ಟ್ರು, ಕೋಲಾರ:
ಟ್ಯಾಪೆಟ್ ನೋಡಲು ಮೇಲಿನ ಕವರ್ ಬಿಚ್ಚಿದರೆ ಸಾಕು, ಹೆಡ್ಡಲ್ಲ. ಅಷ್ಟಕ್ಕೆ ನನ್ನ ತಕರಾರಿಲ್ಲ. ದ್ರಾಕ್ಷಿಯವರೇ, ಫಿಲ್ಟರ್ ಹಾಕಿದ ಮೇಲೆ ಹೊಸ ಪ್ಲಗ್ಗನ್ನು 0.7ರಿಂದ 0.8 ಮಿಲಿಮೀಟರ್ ಅಂತರಕ್ಕೆ ಹೊಂದಿಸಿ ಹಾಕಿ, ಪೂರ್ತಿ ಒತ್ತಡದಲ್ಲಿ ಕೆಲಸ ಮಾಡಿಸಿ, ಮತ್ತೆ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣಕ್ಕೆ ಬಂದರೆ ಅಂಗಡಿಯ ಮಾತನ್ನು 500 ಗಂಟೆಯವರೆಗೆ ಪಕ್ಕಕ್ಕಿಡಬಹುದು. ಬ್ರಷ್ ಕಟರಿನ ಜಾಲರಿಯನ್ನು ಮಾತ್ರ ಪ್ರತಿ ಹಂಗಾಮಿನಲ್ಲೂ ತೆಗೆದು ನೋಡಿ.

ಗುಬ್ಬಿ ತೆಂಗು:
ನನ್ನ ಪವರ್ ಟಿಲ್ಲರ್ ಡೀಸೆಲ್‌ನದು. ಅದಕ್ಕೂ ಇದೇ ಲೆಕ್ಕವೇ?

ಸ್ಪ್ಯಾನರ್, ತಿಪಟೂರು:
ಡೀಸೆಲ್ಲಿನಲ್ಲಿ ಇಂಧನ ಚಿಮ್ಮಿಸುವ ನಾಝಲ್ ಮೊದಲು, ಉಳಿದದ್ದು ಆಮೇಲೆ. ಅದಕ್ಕೆ ಬೇರೆ ಚರ್ಚೆ ಆರಂಭಿಸಿ, ಇಲ್ಲಿ ಬೆರೆಸಿದರೆ ಪೆಟ್ರೋಲಿನವರು ದಾರಿ ತಪ್ಪುತ್ತಾರೆ.